ಇಂಗ್ಲೆಂಡಿನಲ್ಲಿ ಫ್ಲ್ಯಾಟ್ ಲೀಸ್ ವಿಸ್ತರಣೆ: ಎಷ್ಟು ಖರ್ಚು, ಯಾಕೆ ಅಷ್ಟು, ಹೇಗೆ ಮುಗಿಸುವುದು

ಬೆಂಗಳೂರಿನಲ್ಲಿ ‘ಮನೆ ಲೀಸಿಗೆ ಹಾಕಿಕೊಂಡಿದ್ದೀವಿ’ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಮಾಲೀಕರಿಗೆ ಒಂದಿಷ್ಟು ಲಕ್ಷ ಕೊಟ್ಟು, ಎರಡು ಮೂರು ವರ್ಷ ಬಾಡಿಗೆ ಇಲ್ಲದೆ ಇದ್ದು, ಬಿಡುವಾಗ ಅಷ್ಟೂ ದುಡ್ಡು ವಾಪಸ್ ಇಸ್ಕೊಂಡು ಹೋಗುವುದು. ಅದೇ ಅರ್ಥ ತಲೆಯಲ್ಲಿಟ್ಟುಕೊಂಡು ಇಂಗ್ಲೆಂಡಿಗೆ ಬಂದವರು ಇಲ್ಲಿನ ಲೀಸ್ ನೋಡಿ ಕಕ್ಕಾಬಿಕ್ಕಿಯಾಗುತ್ತಾರೆ. ಮೂರು ಲಕ್ಷ ಪೌಂಡ್ ಕೊಟ್ಟು, 30 ವರ್ಷದ ಸಾಲ ಹೊತ್ತು ಕೊಂಡ ಫ್ಲ್ಯಾಟ್ ಕೂಡ ಲೀಸೇ. ಅವಧಿ ಮುಗಿದ ದಿನ ಅದು ನೆಲದ ಒಡೆಯನಿಗೆ, ಅಂದರೆ ಫ್ರೀಹೋಲ್ಡರ್‌ಗೆ, ಸೇರುತ್ತದೆ. ನೀವು ಕೊಟ್ಟ ದುಡ್ಡು ಮರಳಿ ಬರುವುದಿಲ್ಲ.

ನಾನು ರೆಡಿಂಗ್‌ನಲ್ಲಿ ಫ್ಲ್ಯಾಟ್ ತೆಗೆದುಕೊಂಡಾಗ ಲೀಸಿನಲ್ಲಿ 84 ವರ್ಷ ಬಾಕಿ ಇತ್ತು. ಏಜೆಂಟ್ ನಗುತ್ತಾ, ಅಷ್ಟು ಹೊತ್ತಿಗೆ ನೀವು ಎಲ್ಲಿರ್ತೀರೋ ಏನೋ ಅಂದರು. ನಾನೂ ನಕ್ಕೆ. ಐದು ವರ್ಷ ಕಳೆದು ಸಾಲ ಬದಲಾಯಿಸಲು ಹೋದಾಗ ನೋಡಿದರೆ 79 ಚಿಲ್ಲರೆ. ಬಾಕಿ 80ಕ್ಕೆ ಇಳಿದರೆ ಲೀಸ್ ವಿಸ್ತರಿಸುವ, ಅಂದರೆ ದುಡ್ಡು ಕೊಟ್ಟು ವರ್ಷ ಸೇರಿಸಿಕೊಳ್ಳುವ, ಖರ್ಚು ಒಮ್ಮೆಲೇ ಜಿಗಿಯುತ್ತದೆ. ಆ ಒಂದು ವರ್ಷದ ಅಂತರಕ್ಕೆ ನಾನು ಕಟ್ಟಿದ ದಂಡ ಸಾವಿರಗಟ್ಟಲೆ ಪೌಂಡ್. ಈ ಖರ್ಚಿನಲ್ಲಿ ನಿಮ್ಮ ಕೈಯಲ್ಲಿರುವುದು ಮುಖ್ಯವಾಗಿ ಒಂದೇ, ವಿಸ್ತರಣೆ ಕೇಳಿ ಫ್ರೀಹೋಲ್ಡರ್‌ಗೆ ನೋಟಿಸ್ ಕೊಡುವ ದಿನ. ಉಳಿದದ್ದೆಲ್ಲ ಗಣಿತ.

ಈ ಮಾರ್ಗದರ್ಶಿ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಮಾತ್ರ. ಸ್ಕಾಟ್ಲೆಂಡಿನಲ್ಲಿ ಫ್ಲ್ಯಾಟ್‌ಗಳು ಸಾಮಾನ್ಯವಾಗಿ ಲೀಸ್ ಆಗಿರುವುದಿಲ್ಲ.

ಹೆಜ್ಜೆ 1: ನಿಜವಾಗಿ ಎಷ್ಟು ವರ್ಷ ಬಾಕಿ ಇದೆ, ಎಣಿಸಿ

ಏಜೆಂಟ್ ಹೇಳಿದ್ದು, ಜಾಹೀರಾತಿನಲ್ಲಿ ಬರೆದದ್ದು ಬೇಡ. ಲ್ಯಾಂಡ್ ರಿಜಿಸ್ಟ್ರಿಯ ಸರ್ಕಾರಿ ಜಾಲತಾಣದಿಂದಲೇ ಟೈಟಲ್ ರಿಜಿಸ್ಟರ್ ಪ್ರತಿ ತೆಗೆಸಿ. 2024ರ ಡಿಸೆಂಬರ್‌ನಿಂದ ಅದಕ್ಕೆ 7 ಪೌಂಡ್. ಲೀಸಿನ ಪ್ರತಿಯನ್ನೂ ತರಿಸಿಕೊಳ್ಳಿ. ಅಂಥದೇ ಹೆಸರಿನ ಖಾಸಗಿ ಜಾಲತಾಣಗಳು ಇದೇ ಕೆಲಸಕ್ಕೆ ಮೂರು ನಾಲ್ಕು ಪಟ್ಟು ಕೀಳುತ್ತವೆ, ಹುಷಾರು.

ಲೀಸಿನಲ್ಲಿ ‘1982ರ ಮಾರ್ಚ್ 25ರಿಂದ 125 ವರ್ಷ’ ಎಂಬಂಥ ಸಾಲು ಇರುತ್ತದೆ. ಲೀಸಿಗೆ ಸಹಿ ಬಿದ್ದದ್ದು ಎರಡು ವರ್ಷ ತಡವಾಗಿ ಇರಬಹುದು. ಲೆಕ್ಕಕ್ಕೆ ಬರುವುದು ಅವಧಿ ಶುರುವಾದ ದಿನ, ಸಹಿಯ ದಿನ ಅಲ್ಲ. ಮಾರ್ಚ್ 25 ಯಾಕೆ ಪದೇ ಪದೇ ಕಾಣುತ್ತದೆ ಅಂತ ನನಗೂ ಕುತೂಹಲ ಇತ್ತು. ಅದು ಇಲ್ಲಿನ ಹಳೆಯ ಬಾಡಿಗೆ ಕಟ್ಟುವ ನಾಲ್ಕು ದಿನಗಳಲ್ಲಿ ಒಂದು. 1752ಕ್ಕೆ ಮೊದಲು ಇಂಗ್ಲೆಂಡಿನ ಹೊಸ ವರ್ಷ ಶುರುವಾಗುತ್ತಿದ್ದದ್ದೂ ಅದೇ ದಿನ. ನಮ್ಮ ಯುಗಾದಿಯ ಆಸುಪಾಸಿಗೇ ಇವರ ಯುಗಾದಿಯೂ ಇತ್ತು ಅನ್ನಿ.

ಮೇಲಿನ ಉದಾಹರಣೆಯ ಲೀಸ್ 2107ರ ಮಾರ್ಚ್‌ನಲ್ಲಿ ಮುಗಿಯುತ್ತದೆ. 2027ರ ಮಾರ್ಚ್‌ಗೆ ಬಾಕಿ 80 ವರ್ಷ. ಕಾನೂನಿನ ಮಾತು ಇಲ್ಲಿ ತುಂಬಾ ಬಿಗಿ. ನೋಟಿಸ್ ಕೊಟ್ಟ ದಿನ ಬಾಕಿ ಅವಧಿ 80 ವರ್ಷವನ್ನು ಮೀರಿರಬೇಕು. ಸರಿಯಾಗಿ 80 ಇದ್ದರೆ ಆಗಲೇ ತಡವಾಯಿತು, ಹೆಜ್ಜೆ 3ರಲ್ಲಿ ಬರುವ ಮೂರನೇ ಬಾಬ್ತು ಸೇರಿಕೊಳ್ಳುತ್ತದೆ. ಕೊನೇ ವಾರಕ್ಕೆ ಬಿಟ್ಟುಕೊಳ್ಳಬೇಡಿ. ನೋಟಿಸಿನಲ್ಲಿ ಏನಾದರೂ ತಪ್ಪಾಗಿ ಮತ್ತೆ ಕೊಡಬೇಕಾದರೆ ಕೈಯಲ್ಲಿ ದಿನ ಇರಬೇಕು.

ಅದೇ ಲೀಸಿನಲ್ಲಿ ಗ್ರೌಂಡ್ ರೆಂಟ್, ಅಂದರೆ ಫ್ರೀಹೋಲ್ಡರ್‌ಗೆ ವರ್ಷವರ್ಷ ಕಟ್ಟುವ ನೆಲಬಾಡಿಗೆ, ಎಷ್ಟು, ಎಷ್ಟು ವರ್ಷಕ್ಕೊಮ್ಮೆ ಏರುತ್ತದೆ ಎಂದೂ ಬರೆದಿಟ್ಟುಕೊಳ್ಳಿ. ಕೆಲವು ಲೀಸ್‌ಗಳಲ್ಲಿ ಹತ್ತು ವರ್ಷಕ್ಕೊಮ್ಮೆ ದುಪ್ಪಟ್ಟಾಗುವ ಷರತ್ತು ಇರುತ್ತದೆ. ಅಂಥದ್ದಿದ್ದರೆ ಕೆಳಗಿನ ಸರಳ ಲೆಕ್ಕ ನಿಮಗೆ ಹೊಂದುವುದಿಲ್ಲ, ಮೊತ್ತ ಚೆನ್ನಾಗಿಯೇ ಏರುತ್ತದೆ.

ಹೆಜ್ಜೆ 2: ಹಕ್ಕು ನಿಮಗಿದೆಯೇ?

1993ರ ಲೀಸ್‌ಹೋಲ್ಡ್ ಸುಧಾರಣೆ ಕಾಯ್ದೆ ಫ್ಲ್ಯಾಟ್ ಮಾಲೀಕರಿಗೆ ಒಂದು ಗಟ್ಟಿ ಹಕ್ಕು ಕೊಟ್ಟಿದೆ. ಬಾಕಿ ಇರುವ ಅವಧಿಯ ಮೇಲೆ ಇನ್ನೂ 90 ವರ್ಷ, ಜೊತೆಗೆ ಗ್ರೌಂಡ್ ರೆಂಟ್ ಪೂರ್ತಿ ರದ್ದು. ಕಾನೂನಿನ ಭಾಷೆಯಲ್ಲಿ ಹೊಸ ಬಾಡಿಗೆ ‘ಪೆಪ್ಪರ್‌ಕಾರ್ನ್’, ಅಂದರೆ ಒಂದು ಮೆಣಸಿನ ಕಾಳು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆದರು, ಆ ಕಾಳಿಗಾಗಿ ಸಮುದ್ರ ದಾಟಿ ಬಂದರು. ಇಲ್ಲಿನ ವಕೀಲರ ಕಡತದಲ್ಲಿ ಅದೇ ಕಾಳಿನ ಬೆಲೆ ಸೊನ್ನೆ!

ನಿಮ್ಮ ಲೀಸ್ ಮೊದಲು ಕೊಟ್ಟಾಗ 21 ವರ್ಷಕ್ಕಿಂತ ಜಾಸ್ತಿ ಅವಧಿಯದ್ದಾಗಿದ್ದರೆ ಸಾಮಾನ್ಯವಾಗಿ ಹಕ್ಕು ಇದೆ. ಅಲ್ಲೇ ವಾಸ ಇರಬೇಕೆಂದಿಲ್ಲ, ಬಾಡಿಗೆಗೆ ಕೊಟ್ಟಿದ್ದರೂ ಆಗುತ್ತದೆ. ಎರಡು ವರ್ಷ ಮಾಲೀಕರಾಗಿರಲೇಬೇಕು ಅಂತ ಹಳೆಯ ಲೇಖನಗಳಲ್ಲಿ ಓದುತ್ತೀರಿ. ಆ ನಿಯಮ 2025ರ ಜನವರಿ 31ಕ್ಕೆ ಹೋಯಿತು. ಆದರೆ ಹೊಸದಾಗಿ ಕೊಂಡವರ ಹೆಸರು ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಬೀಳುವವರೆಗೆ ಕಾಯಬೇಕು, ಅದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು. 80ರ ಅಂಚಿನಲ್ಲಿರುವ ಫ್ಲ್ಯಾಟ್ ಕೊಳ್ಳುತ್ತಿದ್ದರೆ, ಮಾರುವವರೇ ನೋಟಿಸ್ ಕೊಟ್ಟು ಅದರ ಹಕ್ಕನ್ನು ನಿಮಗೆ ವರ್ಗಾಯಿಸುವಂತೆ ಮಾಡಿಕೊಳ್ಳಿ. ಈ ಒಂದು ಮಾತನ್ನು ಯಾರಾದರೂ ನನಗೆ ಅವತ್ತು ಹೇಳಿದ್ದರೆ!

ಒಂದು ಪಾಲು ಕೊಂಡು ಉಳಿದದ್ದಕ್ಕೆ ಬಾಡಿಗೆ ಕಟ್ಟುವ ಶೇರ್ಡ್ ಓನರ್‌ಶಿಪ್ ಫ್ಲ್ಯಾಟ್‌ಗೆ ಲೆಕ್ಕ ಬೇರೆ, ಮೊದಲು ಹೌಸಿಂಗ್ ಅಸೋಸಿಯೇಷನ್ ಹತ್ತಿರ ಕೇಳಿ.

ಹೆಜ್ಜೆ 3: ಲೆಕ್ಕ ನೀವೇ ಒಮ್ಮೆ ಹಾಕಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಫ್ರೀಹೋಲ್ಡರ್ ಕಾಗದದಲ್ಲಿ ಬರುವ ಅಂಕಿಗೆ ಹೆದರದೇ ಇರಬೇಕಾದರೆ ಅದು ಎಲ್ಲಿಂದ ಹುಟ್ಟುತ್ತದೆ ಅಂತ ಗೊತ್ತಿರಬೇಕು.

ಒಂದು ಫ್ಲ್ಯಾಟ್ ತೆಗೆದುಕೊಳ್ಳಿ. ಉದ್ದ ಲೀಸ್ ಇದ್ದರೆ ಅದರ ಬೆಲೆ 3,00,000 ಪೌಂಡ್. ಫ್ರೀಹೋಲ್ಡ್ ಆಗಿದ್ದರೆ ಒಂದು ಶೇಕಡಾ ಜಾಸ್ತಿ, ಅಂದಾಜು 3,03,000. ಗ್ರೌಂಡ್ ರೆಂಟ್ ವರ್ಷಕ್ಕೆ 200, ಏರಿಕೆ ಇಲ್ಲ. ಬಾಕಿ 78 ವರ್ಷ.

ಮೊದಲನೆಯದು, ಫ್ರೀಹೋಲ್ಡರ್ ಕಳೆದುಕೊಳ್ಳುವ ಬಾಡಿಗೆ. ವರ್ಷಕ್ಕೆ 200ರಂತೆ 78 ವರ್ಷ ಅಂದರೆ 15,600 ಆಯಿತಲ್ಲ ಅಂತ ಗುಣಿಸಬೇಡಿ. 70 ವರ್ಷದ ನಂತರ ಬರುವ 200 ಪೌಂಡ್‌ಗೆ ಇವತ್ತು ಚಿಲ್ಲರೆ ಬೆಲೆ. ಶೇ 6ರ ದರದಲ್ಲಿ ಇವತ್ತಿನ ಬೆಲೆಗೆ ಇಳಿಸಿದರೆ ಸುಮಾರು 3,300 ಪೌಂಡ್. ಈ ದರದ ಮೇಲೆ ಎರಡೂ ಕಡೆಯ ಸರ್ವೇಯರ್‌ಗಳು, ಅಂದರೆ ಆಸ್ತಿಗೆ ಬೆಲೆ ಕಟ್ಟುವವರು, ಜಗಳ ಆಡುತ್ತಾರೆ. ದರ ಕಡಿಮೆಯಾದಷ್ಟೂ ನಿಮ್ಮ ಖರ್ಚು ಜಾಸ್ತಿ.

ಎರಡನೆಯದು, 78 ವರ್ಷದ ನಂತರ ಫ್ರೀಹೋಲ್ಡರ್ ಕೈಗೆ ಬರಬೇಕಿದ್ದ ಫ್ಲ್ಯಾಟ್ ಈಗ 168 ವರ್ಷ ಮುಂದೆ ಹೋಯಿತು. ಅದಕ್ಕೆ ಪರಿಹಾರ. ನಮ್ಮ ಎಫ್‌ಡಿ ಲೆಕ್ಕವನ್ನು ತಿರುವಿ ಹಾಕಿದ ಹಾಗೆ. ಇವತ್ತು ಎಷ್ಟು ಇಟ್ಟರೆ ಶೇ 5ರ ಚಕ್ರಬಡ್ಡಿಯಲ್ಲಿ 78 ವರ್ಷಕ್ಕೆ 3,03,000 ಆಗುತ್ತದೆ? ಸುಮಾರು 6,740 ಪೌಂಡ್. ಈ ಶೇ 5 ಅನ್ನುವುದು ಫ್ಲ್ಯಾಟ್‌ಗಳಿಗೆ 2006ರ ಸ್ಪೋರ್ಟೆಲ್ಲಿ ಪ್ರಕರಣದಿಂದ ಬಂದ ದರ, ಹೆಚ್ಚುಕಮ್ಮಿ ಎಲ್ಲ ಕಡೆ ಅದೇ ನಡೆಯುತ್ತದೆ. 168 ವರ್ಷದ ನಂತರ ಸಿಗುವ ಅದೇ ಫ್ಲ್ಯಾಟಿನ ಇವತ್ತಿನ ಬೆಲೆ 83 ಪೌಂಡ್, ಅದನ್ನು ಕಳೆಯಿರಿ. ಎರಡೂ ಸೇರಿ ಸುಮಾರು 9,950.

ಮೂರನೆಯದೇ ಮ್ಯಾರೇಜ್ ವ್ಯಾಲ್ಯೂ. ಚಿಕ್ಕ ಲೀಸಿನ ಫ್ಲ್ಯಾಟ್‌ಗೆ ಬೆಲೆ ಕಡಿಮೆ, ಲೀಸ್ ಉದ್ದ ಆದ ತಕ್ಷಣ ಬೆಲೆ ಏರುತ್ತದೆ. ನಿಮ್ಮ ಹಕ್ಕು, ಫ್ರೀಹೋಲ್ಡರ್ ಹಕ್ಕು ಎರಡಕ್ಕೂ ‘ಮದುವೆ’ ಆದಾಗ ಹುಟ್ಟಿದ ಲಾಭ ಅಂತ ಆ ಹೆಸರು. ಅದರಲ್ಲಿ ಅರ್ಧ ಫ್ರೀಹೋಲ್ಡರ್‌ಗೆ. ವರದಕ್ಷಿಣೆ ಯಾರು ಕೊಡಬೇಕು ಅಂತ ಕೇಳಬೇಕಿಲ್ಲ, ಅಲ್ವಾ? ಬಾಕಿ 80 ವರ್ಷ ಮೀರಿದ್ದರೆ ಮಾತ್ರ ಈ ಬಾಬ್ತು ಪೂರ್ತಿ ಮಾಫಿ.

ನಮ್ಮ ಉದಾಹರಣೆಯಲ್ಲಿ 78 ವರ್ಷದ ಲೀಸಿನ ಬೆಲೆಯನ್ನು ಫ್ರೀಹೋಲ್ಡ್ ಬೆಲೆಯ ಶೇ 90 ಅಂತ ಇಟ್ಟುಕೊಂಡಿದ್ದೇನೆ, ಅಂದರೆ 2,72,700. ಇದಕ್ಕೆ ರಿಲೇಟಿವಿಟಿ ಅನ್ನುತ್ತಾರೆ. ಸ್ಯಾವಿಲ್ಸ್, ಜೆರಾಲ್ಡ್ ಈವ್ ಕಂಪನಿಗಳ ಗ್ರಾಫ್ ಹಿಡಿದು ಸರ್ವೇಯರ್‌ಗಳು ನಿಜವಾಗಿ ಕುಸ್ತಿ ಆಡುವುದು ಇಲ್ಲಿಯೇ. ಈಗ ವಿಸ್ತರಣೆಯ ನಂತರ ಇಬ್ಬರ ಹಕ್ಕಿನ ಒಟ್ಟು ಬೆಲೆ, ನಿಮ್ಮ 3,00,000 ಮತ್ತು ಫ್ರೀಹೋಲ್ಡರ್‌ನ 83 ಸೇರಿ, 3,00,083. ಮೊದಲು ಇದ್ದದ್ದು ನಿಮ್ಮ 2,72,700 ಮತ್ತು ಫ್ರೀಹೋಲ್ಡರ್‌ನ 10,038 (ಮೇಲಿನ ಬಾಡಿಗೆಯ ಸುಮಾರು 3,300, ಫ್ಲ್ಯಾಟಿನ ಸುಮಾರು 6,740) ಸೇರಿ 2,82,738. ವ್ಯತ್ಯಾಸ 17,345, ಅದರಲ್ಲಿ ಅರ್ಧ ಸುಮಾರು 8,670. ಒಟ್ಟು ಪ್ರೀಮಿಯಂ, ಅಂದರೆ ವಿಸ್ತರಣೆಗೆ ಫ್ರೀಹೋಲ್ಡರ್‌ಗೆ ಕೊಡುವ ಬೆಲೆ, ಸುಮಾರು 18,600 ಪೌಂಡ್.

ಅದೇ ಫ್ಲ್ಯಾಟಿಗೆ 81 ವರ್ಷ ಬಾಕಿ ಇದ್ದಾಗ ನೋಟಿಸ್ ಕೊಟ್ಟಿದ್ದರೆ? ಮೂರನೇ ಬಾಬ್ತು ಇಲ್ಲ, ಸುಮಾರು 9,050. ಮೂರು ವರ್ಷ ಸುಮ್ನೆ ಕೂತದ್ದಕ್ಕೆ ಖರ್ಚು ದುಪ್ಪಟ್ಟು. ಇನ್ನೂ ಕೂತು 65ಕ್ಕೆ ಇಳಿದರೆ, ರಿಲೇಟಿವಿಟಿ ಶೇ 80 ಅಂತ ಹಿಡಿದರೆ, ಸುಮಾರು 36,700. ಅಷ್ಟು ಹೊತ್ತಿಗೆ ಸಾಲ ಕೊಡುವ ಬ್ಯಾಂಕುಗಳೂ ಒಂದೊಂದಾಗಿ ಹಿಂದೆ ಸರಿಯುತ್ತಿರುತ್ತವೆ. ಹಾಗಾಗಿ ಮಾರುವುದೂ ಕಷ್ಟ.

ಇಷ್ಟು ಲೆಕ್ಕ ಬೇಡ ಅನ್ನುವವರಿಗೆ ಸರ್ಕಾರದ ಹಣದಲ್ಲಿ ನಡೆಯುವ ಲೀಸ್‌ಹೋಲ್ಡ್ ಅಡ್ವೈಸರಿ ಸರ್ವೀಸ್‌ನ ಉಚಿತ ಕ್ಯಾಲ್ಕುಲೇಟರ್ ಇದೆ. ಅದು ಒಂದು ಅಂಕಿಯ ಬದಲು ಕನಿಷ್ಠ ಗರಿಷ್ಠ ಕೊಡುತ್ತದೆ. ಆ ಅಂತರವೇ ನಿಮ್ಮ ಚೌಕಾಸಿಯ ಜಾಗ.

ಹೆಜ್ಜೆ 4: ಪ್ರೀಮಿಯಂ ಆಚೆಗಿನ ಖರ್ಚು

ಹೆಚ್ಚಿನವರು ಎಡವುವುದು ಇಲ್ಲಿ. 18,600 ಅಂತ ದುಡ್ಡು ಜೋಡಿಸಿಕೊಂಡು ಕೂರುತ್ತಾರೆ, ಬಿಲ್ ಬೇರೆಯೇ ಬರುತ್ತದೆ. ನಿಮ್ಮ ಸಾಲಿಸಿಟರ್ (ಕಾಗದಪತ್ರ ನೋಡುವ ವಕೀಲರು), ನಿಮ್ಮ ಸರ್ವೇಯರ್ ಸರಿ. ಫ್ರೀಹೋಲ್ಡರ್‌ನ ಸಾಲಿಸಿಟರ್ ಮತ್ತು ಸರ್ವೇಯರ್ ಖರ್ಚನ್ನೂ ‘ನ್ಯಾಯವಾದ ಮಟ್ಟಿಗೆ’ ನೀವೇ ಕೊಡಬೇಕು. ನಮ್ಮ ವಿರುದ್ಧ ವಾದಿಸುವವರಿಗೆ ನಮ್ಮದೇ ಜೇಬಿನಿಂದ ಫೀಸು! ಮೊತ್ತದ ಜಗಳ ತೀರ್ಮಾನಿಸುವ ಟ್ರಿಬ್ಯೂನಲ್‌ವರೆಗೆ ಹೋದರೆ ಅಲ್ಲಿ ವಾದಿಸುವ ಖರ್ಚನ್ನು ಮಾತ್ರ ಸಾಮಾನ್ಯವಾಗಿ ಅವರವರೇ ನೋಡಿಕೊಳ್ಳಬೇಕು.

ಎಲ್ಲ ಸೇರಿ, ಶೇ 20 ವ್ಯಾಟ್ ಹಾಕಿ, ಸರಳ ಪ್ರಕರಣಕ್ಕೆ ನಾಲ್ಕರಿಂದ ಆರು ಸಾವಿರ ಪೌಂಡ್ ಪ್ರತ್ಯೇಕ ಇಟ್ಟುಕೊಳ್ಳಿ ಅಂತ ನಾನು ಹೇಳುತ್ತೇನೆ. ನಿಮ್ಮ ಮತ್ತು ಫ್ರೀಹೋಲ್ಡರ್ ಮಧ್ಯದಲ್ಲಿ ಹೆಡ್ ಲೀಸ್ (ನಿಮ್ಮ ಲೀಸಿನ ಮೇಲಿನ ಲೀಸ್) ಹಿಡಿದ ಇನ್ನೊಬ್ಬರು ಇದ್ದರೆ ಇನ್ನೂ ಸ್ವಲ್ಪ ಸೇರಿಸಿ. ಸ್ಟ್ಯಾಂಪ್ ಡ್ಯೂಟಿ ಚಿಂತೆ ಹೆಚ್ಚಿನವರಿಗೆ ಇಲ್ಲ. ಪ್ರೀಮಿಯಂ 40,000 ಪೌಂಡ್ ದಾಟಿದರೆ ಮಾತ್ರ, ಅದರಲ್ಲೂ ನಿಮಗೆ ಇನ್ನೊಂದು ಮನೆ ಇದ್ದರೆ, ಸಾಲಿಸಿಟರನ್ನು ಮೊದಲೇ ಕೇಳಿ. ಊರಿನಲ್ಲಿರುವ ಮನೆಯ ವಿಷಯವನ್ನೂ ಹೇಳಿ.

ಹೆಜ್ಜೆ 5: ಆ ಸಿಹಿ ಪತ್ರಕ್ಕೆ ಬೀಳಬೇಡಿ

ಫ್ರೀಹೋಲ್ಡರ್ ಕಡೆಯಿಂದಲೇ ಕೆಲವೊಮ್ಮೆ ಪತ್ರ ಬರುತ್ತದೆ. ನೋಟಿಸ್ ಗೀಟಿಸ್ ಬೇಡ, ಮಾತಾಡಿ ಮುಗಿಸೋಣ, ಖರ್ಚೂ ಉಳಿಯುತ್ತೆ ಅಂತ. ನನಗೂ ಬಂದಿತ್ತು. ಮೊತ್ತ ನೋಡಲು ಪರವಾಗಿಲ್ಲ ಅನ್ನಿಸಿತು. ಒಳಗೆ ಓದಿದರೆ ಕೊಡುವುದು 90 ವರ್ಷ ಅಲ್ಲ, ಒಟ್ಟು 125ಕ್ಕೆ ಏರಿಸುವುದಷ್ಟೇ. ಜೊತೆಗೆ ಹಳೆಯ ಅವಧಿ ಮುಗಿಯುವವರೆಗೆ ಗ್ರೌಂಡ್ ರೆಂಟ್ ಹಾಗೇ. 2022ರ ಜೂನ್ 30ರಿಂದ ಜಾರಿಯಾದ ಗ್ರೌಂಡ್ ರೆಂಟ್ ಕಾಯ್ದೆ ಹೆಚ್ಚುವರಿ ವರ್ಷಗಳಿಗೆ ಬಾಡಿಗೆ ಹಾಕುವಂತಿಲ್ಲ ಅನ್ನುತ್ತದೆ. ಆದರೆ ಹಳೆಯ ಬಾಕಿ ವರ್ಷಗಳಿಗೆ ವಸೂಲಿ ಮುಂದುವರಿಸಬಹುದು.

ಈ ದಾರಿ ಯಾವಾಗಲೂ ಕೆಟ್ಟದ್ದೇನಲ್ಲ. ಬೇಗ ಮಾರಬೇಕಾದವರಿಗೆ ಅನುಕೂಲ ಆಗಬಹುದು. ಆದರೆ ಮಾತುಕತೆ ನಡೆಯುತ್ತಿರುವಾಗ ಕಾಲ ನಿಲ್ಲುವುದಿಲ್ಲ. ‘ಮುಂದಿನ ವಾರ ಹೇಳುತ್ತೇವೆ’ ಅನ್ನುತ್ತಾ ನಿಮ್ಮನ್ನು 80ರ ಕೆಳಗೆ ಇಳಿಸಿಬಿಟ್ಟರೆ ಕೇಳುವವರಿಲ್ಲ. ಎಂಬತ್ತೊಂದರಲ್ಲಿದ್ದರೆ ಮೊದಲು ನೋಟಿಸ್, ಆಮೇಲೆ ಮಾತು.

ಹೆಜ್ಜೆ 6: ಸೆಕ್ಷನ್ 42 ನೋಟಿಸ್

1993ರ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ವಿಸ್ತರಣೆ ಕೇಳುವ ನೋಟಿಸ್ ಇದು. ಸಾಲಿಸಿಟರ್ ಆಯ್ಕೆಯಲ್ಲಿ ಜಿಪುಣತನ ಬೇಡ. ಮನೆ ಕೊಳ್ಳುವಾಗ ಕಾಗದ ನೋಡಿದವರು ಇದಕ್ಕೂ ಸರಿಹೋಗುತ್ತಾರೆ ಅಂತ ಇಲ್ಲ. ಈ ಕೆಲಸದಲ್ಲೇ ಪಳಗಿದವರ ಸಂಘ ‘ಅಲೆಪ್’ ಅಂತ ಇದೆ, ಅದರ ಪಟ್ಟಿಯಲ್ಲಿ ಹುಡುಕಿ. ಸರ್ವೇಯರ್ ತಮ್ಮ ವೃತ್ತಿಯ ಸಂಸ್ಥೆಯಾದ ಆರ್‌ಐಸಿಎಸ್ ಸದಸ್ಯರಾಗಿರಲಿ, ನಿಮ್ಮ ಊರಿನ ಬೆಲೆ ಗೊತ್ತಿರುವವರಾಗಿರಲಿ.

ನೋಟಿಸಿನಲ್ಲಿ ನೀವು ಕೊಡಲು ಸಿದ್ಧವಿರುವ ಮೊತ್ತ ಬರೆಯಬೇಕು. ಸರ್ವೇಯರ್ ಹೇಳಿದ ಕೆಳಗಿನ ಅಂಚಿಗಿಂತ ಸ್ವಲ್ಪ ಕಡಿಮೆ ಇಡುವುದು ರೂಢಿ. ಕೆ.ಆರ್. ಮಾರ್ಕೆಟ್ಟಿನಲ್ಲಿ ಅರ್ಧಕ್ಕರ್ಧ ಕೇಳಿದ ಹಾಗೆ ಕೇಳಲು ಹೋಗಬೇಡಿ. ಮೊತ್ತ ತೀರಾ ಹಾಸ್ಯಾಸ್ಪದವಾಗಿದ್ದರೆ ನೋಟಿಸೇ ಅಸಿಂಧು ಆಗುವ ಅಪಾಯ ಇದೆ.

ಫ್ಲ್ಯಾಟ್ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿದ್ದರೆ ನೋಟಿಸ್ ಇಬ್ಬರ ಪರವಾಗಿಯೂ ಇರಬೇಕು. ಫ್ಲ್ಯಾಟ್ ಇಲ್ಲಿ ಬಾಡಿಗೆಗೆ ಕೊಟ್ಟು ಬೆಂಗಳೂರಿಗೋ ಮೈಸೂರಿಗೋ ವಾಪಸ್ ಹೋದವರು ಸಹಿಗಾಗಿ ವಿಮಾನ ಹತ್ತಬೇಕಿಲ್ಲ. 2014ರ ತಿದ್ದುಪಡಿಯ ನಂತರ ನಿಮ್ಮ ಪರವಾಗಿ ಸಾಲಿಸಿಟರೇ ಸಹಿ ಹಾಕಬಹುದು.

ನೋಟಿಸ್ ಕೊಟ್ಟ ದಿನವೇ ಬೆಲೆಕಟ್ಟುವ ದಿನ. ಆಮೇಲೆ ಒಂದು ವರ್ಷ ಎಳೆದರೂ ಬಾಕಿ ವರ್ಷ, ಫ್ಲ್ಯಾಟಿನ ಬೆಲೆ ಎರಡೂ ಅವತ್ತಿನದ್ದೇ. ಅವತ್ತಿನಿಂದಲೇ ಫ್ರೀಹೋಲ್ಡರ್‌ನ ಖರ್ಚಿನ ಮೀಟರೂ ಓಡಲು ಶುರು. ನಡುವೆ ಕೈಬಿಟ್ಟರೂ ಅಲ್ಲಿಯವರೆಗಿನ ಬಿಲ್ ನಿಮ್ಮದು.

ಫ್ರೀಹೋಲ್ಡರ್ ಯಾರು ಅಂತಲೇ ಪತ್ತೆ ಇಲ್ಲದಿದ್ದರೆ ದಾರಿ ಮುಚ್ಚಿಲ್ಲ. ಕೌಂಟಿ ಕೋರ್ಟಿಗೆ ಹೋಗಿ ಆದೇಶ ಪಡೆಯಬಹುದು.

ಹೆಜ್ಜೆ 7: ಗೋಡೆಗೆ ಅಂಟಿಸಬೇಕಾದ ದಿನಾಂಕಗಳು

ಫ್ರೀಹೋಲ್ಡರ್ ಡಿಪಾಸಿಟ್ ಕೇಳಬಹುದು. ನೀವು ನೋಟಿಸಿನಲ್ಲಿ ಬರೆದ ಮೊತ್ತದ ಶೇ 10 ಅಥವಾ 250 ಪೌಂಡ್, ಯಾವುದು ಜಾಸ್ತಿಯೋ ಅದು. ಉತ್ತರ ಕೊಡಲು ಅವರಿಗೆ ಕನಿಷ್ಠ ಎರಡು ತಿಂಗಳು ಕೊಡಬೇಕು. ಗಡುವು ತಪ್ಪಿಸಿದರೆ ನೀವು ಕೋರ್ಟಿಗೆ ಹೋಗಿ ನಿಮ್ಮ ಷರತ್ತಿನ ಮೇಲೇ ಲೀಸ್ ಕೇಳಬಹುದು. ಅದಕ್ಕೂ ಆರು ತಿಂಗಳ ಮಿತಿ ಇದೆ.

ಉತ್ತರ ಬಂತು, ಮೊತ್ತ ನಿಮ್ಮದಕ್ಕಿಂತ ದುಪ್ಪಟ್ಟು ಅಂದುಕೊಳ್ಳಿ. ಗಾಬರಿ ಬೇಡ, ಅದು ಅವರ ಮೊದಲ ಕೂಗು. ಇಬ್ಬರು ಸರ್ವೇಯರ್‌ಗಳು ಫೋನಿನಲ್ಲಿ ಮಾತಾಡಿಯೇ ಹೆಚ್ಚಿನವು ಮುಗಿಯುತ್ತವೆ. ಮುಗಿಯದಿದ್ದರೆ ಟ್ರಿಬ್ಯೂನಲ್. ಉತ್ತರ ಬಂದು ಎರಡು ತಿಂಗಳು ಆದ ಮೇಲೆ, ಆರು ತಿಂಗಳ ಒಳಗೆ ಅರ್ಜಿ ಹಾಕಬೇಕು. ಮಾತುಕತೆ ಚೆನ್ನಾಗಿ ನಡೆಯುತ್ತಿದ್ದರೂ ಐದನೇ ತಿಂಗಳಲ್ಲಿ ಅರ್ಜಿ ಹಾಕಿಬಿಡಿ. ಆರು ತಿಂಗಳು ದಾಟಿದರೆ ನೋಟಿಸ್ ಬಿದ್ದುಹೋಯಿತು. ಮತ್ತೆ ಹೊಸದು ಕೊಡಲು 12 ತಿಂಗಳು ಕಾಯಬೇಕು, ಅಷ್ಟರಲ್ಲಿ ಲೀಸ್ ಇನ್ನೂ ಕಿರಿದಾಗಿರುತ್ತದೆ. ನನ್ನ ಕಟ್ಟಡದಲ್ಲೇ ಒಬ್ಬರಿಗೆ ಹೀಗಾಯಿತು, ಸಾಲಿಸಿಟರ್ ರಜೆಯಲ್ಲಿದ್ದರಂತೆ. ನಿಮ್ಮ ಫೋನಿನಲ್ಲೂ ಒಂದು ಅಲಾರಂ ಇರಲಿ.

ನನ್ನದು ಕೊನೆಗೆ ಆ ಸಿಹಿ ಪತ್ರದ ಮೊತ್ತಕ್ಕಿಂತ ಕಡಿಮೆಗೆ, 90 ವರ್ಷ ಪೂರ್ತಿ ಸೇರಿಸಿ ಮುಗಿಯಿತು. ನೋಟಿಸಿನಿಂದ ಸಹಿಯವರೆಗೆ ಹನ್ನೊಂದು ತಿಂಗಳು.

ಹೊಸ ಕಾನೂನಿಗೆ ಕಾಯಬೇಕೇ?

ಎಲ್ಲರೂ ಕೇಳುವ ಪ್ರಶ್ನೆ. 2024ರ ಮೇ 24ರಂದು ಒಪ್ಪಿಗೆ ಪಡೆದ ಲೀಸ್‌ಹೋಲ್ಡ್ ಮತ್ತು ಫ್ರೀಹೋಲ್ಡ್ ಸುಧಾರಣೆ ಕಾಯ್ದೆಯಲ್ಲಿ 90ರ ಬದಲು 990 ವರ್ಷ ಇದೆ, ಮ್ಯಾರೇಜ್ ವ್ಯಾಲ್ಯೂ ರದ್ದು ಇದೆ, ಸಾಮಾನ್ಯವಾಗಿ ಫ್ರೀಹೋಲ್ಡರ್ ಖರ್ಚು ಅವರದ್ದೇ ಅನ್ನುವುದೂ ಇದೆ. ಆದರೆ ಇದನ್ನು ಬರೆಯುವ ಹೊತ್ತಿಗೆ ಆ ಭಾಗಗಳು ಜಾರಿಗೆ ಬಂದಿಲ್ಲ. ದೊಡ್ಡ ಫ್ರೀಹೋಲ್ಡರ್‌ಗಳು ಅವನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋಗಿದ್ದರು. 2025ರ ಅಕ್ಟೋಬರ್‌ನಲ್ಲಿ ಕೋರ್ಟ್ ಅವರ ವಾದ ಒಪ್ಪಲಿಲ್ಲ.

ನನ್ನ ಅಭಿಪ್ರಾಯ ಇಷ್ಟು. 85ರ ಮೇಲಿದ್ದು ಮಾರುವ ಯೋಚನೆ ಇಲ್ಲದಿದ್ದರೆ ಕಾಯಿರಿ, ಕಳೆದುಕೊಳ್ಳುವುದು ಕಡಿಮೆ. 80ರಿಂದ 82ರ ನಡುವೆ ಇದ್ದರೆ ಕಾಯುವುದು ಜೂಜು, ನಾನು ಆಡುವುದಿಲ್ಲ. ಆಗಲೇ 80ರ ಕೆಳಗೆ ಬಿದ್ದಿದ್ದರೆ ಆಯ್ಕೆ ಕಷ್ಟದ್ದು. ಮಾರಬೇಕು, ಸಾಲ ಬದಲಾಯಿಸಬೇಕು ಅನ್ನುವ ಒತ್ತಡ ಇದ್ದರೆ ಈಗಲೇ ಮಾಡಿ. ಒತ್ತಡ ಇಲ್ಲದವರು ತಾಳಬಹುದು, ಆದರೆ 75ಕ್ಕಿಂತ ಕೆಳಗೆ ಇಳಿಯುವಷ್ಟು ತಾಳ್ಮೆ ನನಗಂತೂ ಇಲ್ಲ. ಕಟ್ಟಡದಲ್ಲಿ ಅರ್ಧ ಜನ ಜೊತೆಯಾಗುತ್ತಾರೆ ಅಂದರೆ ಎಲ್ಲರೂ ಸೇರಿ ಫ್ರೀಹೋಲ್ಡನ್ನೇ ಕೊಳ್ಳುವ ದಾರಿಯೂ ಇದೆ. ಅದರ ಕಥೆ ದೊಡ್ಡದು, ಇಲ್ಲಿ ಹಿಡಿಸುವುದಿಲ್ಲ.

ಹೆಜ್ಜೆ 8: ಸಹಿ ಬಿದ್ದ ಮೇಲೆ

ಷರತ್ತುಗಳೆಲ್ಲ ಒಪ್ಪಿತವಾದ ಮೇಲೂ ಎರಡು ತಿಂಗಳಲ್ಲಿ ಹೊಸ ಲೀಸ್ ಆಗಬೇಕು. ಆಗದಿದ್ದರೆ ಮುಂದಿನ ಎರಡು ತಿಂಗಳಲ್ಲಿ ಕೋರ್ಟಿಗೆ ಹೋಗಬೇಕು, ಇಲ್ಲವಾದರೆ ಇಷ್ಟು ದಿನದ ಓಡಾಟ ನೀರಿನಲ್ಲಿ ಹೋಮ. ಬ್ಯಾಂಕಿಗೆ ತಿಳಿಸಿ. ಈ ಕಾಯ್ದೆಯ ದಾರಿಯಲ್ಲಿ ಹೋದರೆ ಇರುವ ಸಾಲ ಹೊಸ ಲೀಸಿಗೆ ತಾನಾಗಿ ಅಂಟಿಕೊಳ್ಳುತ್ತದೆ. ಹೊಸ ಲೀಸ್ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ದಾಖಲಾದ ಮೇಲೆ ಮತ್ತೆ 7 ಪೌಂಡ್ ಕೊಟ್ಟು ಪ್ರತಿ ತೆಗೆಸಿ, ವರ್ಷ, ಹೆಸರು, ಫ್ಲ್ಯಾಟ್ ನಂಬರ್ ನಿಮ್ಮ ಕಣ್ಣಾರೆ ನೋಡಿ.

ಸರ್ವೀಸ್ ಚಾರ್ಜ್ ಹಾಗೇ ಇರುತ್ತದೆ, ಅದನ್ನು ಕಟ್ಟುತ್ತಲೇ ಇರಬೇಕು. ಗ್ರೌಂಡ್ ರೆಂಟಿಗೆ ಅಂತ ಬ್ಯಾಂಕಿನಲ್ಲಿ ಹಾಕಿಟ್ಟಿದ್ದ ಸ್ಟ್ಯಾಂಡಿಂಗ್ ಆರ್ಡರನ್ನು ಮಾತ್ರ ಅವತ್ತೇ ರದ್ದು ಮಾಡಿ. ನಾನು ಮರೆತು ಒಂದು ಕಂತು ಹೋಯಿತು. ಆ 100 ಪೌಂಡ್ ವಾಪಸ್ ಪಡೆಯಲು ಐದು ಇಮೇಲ್ ಬರೆದೆ.